ಜ್ವರವನ್ನೇ ಗುಣದ ಗುರುತೆಂದು ನಂಬಿದ ರೋಗಿ: ಮೂತ್ರಕೋಶದ ಕ್ಯಾನ್ಸರ್ ಮತ್ತು ಬಿಸಿಜಿ, ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ರೋಗಿಯ ಹೆಸರನ್ನಾಗಲಿ, ಚಿಕಿತ್ಸೆ ನಡೆದ ಸ್ಥಳವನ್ನಾಗಲಿ ಇಲ್ಲಿ ಹೇಳಿಲ್ಲ. ಗುರುತು ಹಚ್ಚಲು ನೆರವಾಗಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆಗೆ, ಚಿಕಿತ್ಸೆಗೆ ಮತ್ತು ನಾವು ತೆಗೆದುಕೊಂಡ ನಿರ್ಧಾರಗಳಿಗೆ ಸಂಬಂಧಿಸಿದ ಯಾವುದನ್ನೂ ಬದಲಿಸಿಲ್ಲ. ಕ್ಯಾನ್ಸರ್ ಹಿಮ್ಮೆಟ್ಟಿತು ಎಂಬ ಕಾರಣಕ್ಕಿಂತ ಹೆಚ್ಚಾಗಿ, ಮೊದಲ ದಿನ ನಾನೇ ಆಡಿದ ಒಂದು ಮಾತು ಹದಿನಾಲ್ಕು ತಿಂಗಳ ನಂತರ ಅವರ ಪ್ರಾಣಕ್ಕೆ ಎರವಾಗುವುದರಲ್ಲಿತ್ತು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ರೋಗಿಗೆ ಆಗ 66 ವರ್ಷ. ಲೆಕ್ಕಪತ್ರದ ಕೆಲಸದಲ್ಲಿ ಆಯುಷ್ಯ ಕಳೆದು ನಿವೃತ್ತರಾಗಿದ್ದರು. ಸುಮಾರು 30 ವರ್ಷ ಸಿಗರೇಟು ಸೇದಿ, ಬಿಟ್ಟು ಹತ್ತು ವರ್ಷವಾಗಿತ್ತು. ಒಂದು ಬೆಳಿಗ್ಗೆ ಮೂತ್ರ ಕೆಂಪಗೆ ಹೋಯಿತು, ನೋವಿರಲಿಲ್ಲ, ಉರಿಯಿರಲಿಲ್ಲ. ಹತ್ತಿರದ ವೈದ್ಯರು ಸೋಂಕು ಇರಬಹುದೆಂದು ಐದು ದಿನದ ಆ್ಯಂಟಿಬಯಾಟಿಕ್ ಬರೆದುಕೊಟ್ಟರು, ಮೂರನೆಯ ದಿನಕ್ಕೆ ಕೆಂಪು ನಿಂತಿತು, ಮಾತ್ರೆಯಿಂದಲೇ ನಿಂತಿತೆಂದು ಎಲ್ಲರೂ ಸಮಾಧಾನಪಟ್ಟರು. ಮೂತ್ರಕೋಶದ ಗಡ್ಡೆಯಿಂದ ಬರುವ ರಕ್ತ ತಾನಾಗಿ ಬಂದು ತಾನಾಗಿ ನಿಲ್ಲುತ್ತದೆ, ಅದು ನಿಂತದ್ದು ಯಾವುದಕ್ಕೂ ಪುರಾವೆಯಲ್ಲ. ನೋವಿಲ್ಲದ ರಕ್ತಮೂತ್ರ, ಅದರಲ್ಲೂ ಧೂಮಪಾನ ಮಾಡಿದ ವಯಸ್ಸಾದವರಲ್ಲಿ, ಸಿಸ್ಟೋಸ್ಕೋಪಿ ಮಾಡಿ, ಅಂದರೆ ಮೂತ್ರಕೋಶಕ್ಕೆ ದರ್ಶಕ ಕೊಳವೆ ಇಳಿಸಿ, ಒಳಗೆ ನೋಡುವವರೆಗೂ ಕ್ಯಾನ್ಸರ್ ಎಂದೇ ಎಣಿಸಬೇಕಾದ ಲಕ್ಷಣ. ಅವರ ವಿಷಯದಲ್ಲಿ ಒಳಗೆ ನೋಡಿದ್ದು ಎರಡನೆಯ ಬಾರಿ ರಕ್ತ ಬಂದ ಮೇಲೆ, ನಾಲ್ಕು ತಿಂಗಳು ತಡವಾಗಿ.

ಸಿಸ್ಟೋಸ್ಕೋಪಿಯಲ್ಲಿ ಮೂತ್ರಕೋಶದ ಬಲಗೋಡೆಯ ಮೇಲೆ ಎರಡೂವರೆ ಸೆಂಟಿಮೀಟರಿನ ಗಡ್ಡೆ ಕಂಡಿತು. ಅದಕ್ಕಿಂತ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಸುತ್ತಲೂ ಅಲ್ಲಲ್ಲಿ ಹರಡಿದ್ದ, ಮಖಮಲ್ಲಿನ ತುಣುಕು ಅಂಟಿಸಿದಂತಿದ್ದ ಕೆಂಪು ಮಚ್ಚೆಗಳು. ಗಡ್ಡೆಯನ್ನು ಮೂತ್ರನಾಳದ ಮೂಲಕವೇ ಕೆರೆದು ತೆಗೆದು, ಮಚ್ಚೆಗಳಿಂದ ಚೂರುಗಳನ್ನು ಬಯಾಪ್ಸಿಗೆ ಕಳುಹಿಸಿದೆವು. ವರದಿ ಹೀಗಿತ್ತು: ಗಡ್ಡೆ ಹೈ ಗ್ರೇಡ್, ಅಂದರೆ ಬೇಗ ಬೆಳೆದು ಹರಡುವ ಬಗೆಯದು, ಒಳಪದರದ ಕೆಳಗಿನ ಸಡಿಲ ಅಂಗಾಂಶಕ್ಕೆ ಇಳಿದಿದೆ ಆದರೆ ಸ್ನಾಯುಪದರವನ್ನು ಮುಟ್ಟಿಲ್ಲ, ಅಂದರೆ ಟಿ1 ಹಂತ, ಕೆಂಪು ಮಚ್ಚೆಗಳಲ್ಲಿ ಕಾರ್ಸಿನೋಮಾ ಇನ್ ಸೈಟು, ಅಂದರೆ ಗಡ್ಡೆಯಾಗಿ ಮೇಲೇಳದೆ ಒಳಪದರದಲ್ಲೇ ಚಪ್ಪಟೆಯಾಗಿ ಹಬ್ಬುವ ಕ್ಯಾನ್ಸರ್. ಐದನೆಯ ವಾರ ಅದೇ ಜಾಗವನ್ನು ಮತ್ತೊಮ್ಮೆ ಕೆರೆದೆವು. ಟಿ1 ಗಡ್ಡೆಯಲ್ಲಿ ಎರಡನೆಯ ಬಾರಿ ಕೆರೆಯುವುದು ಅತಿಯಾದ ಎಚ್ಚರಿಕೆಯೇನಲ್ಲ. ಮೊದಲ ಸಲ ತಪ್ಪಿಸಿಕೊಂಡ ಗಡ್ಡೆ ಹಲವರಲ್ಲಿ ಸಿಗುತ್ತದೆ, ಕೆಲವರಲ್ಲಿ ಅದು ಸ್ನಾಯುವಿನೊಳಗೇ ಇರುತ್ತದೆ. ಇವರಲ್ಲಿ ಸ್ನಾಯು ಸ್ವಚ್ಛವಾಗಿತ್ತು, ಒಂದು ಮಚ್ಚೆಯಲ್ಲಿ ಮಾತ್ರ ಚಪ್ಪಟೆ ಕ್ಯಾನ್ಸರ್ ಉಳಿದಿತ್ತು. ಸಿಟಿ ಸ್ಕ್ಯಾನಿನಲ್ಲಿ ಮೂತ್ರಪಿಂಡಗಳಾಗಲಿ ದುಗ್ಧಗ್ರಂಥಿಗಳಾಗಲಿ ಕೆಟ್ಟಿರಲಿಲ್ಲ.

ಎದುರಿದ್ದ ಪ್ರಶ್ನೆ

ಚಪ್ಪಟೆ ಕ್ಯಾನ್ಸರನ್ನು ಪೂರ್ತಿಯಾಗಿ ಕೆರೆದು ತೆಗೆಯಲು ಬರುವುದಿಲ್ಲ, ಅದರ ಅಂಚು ಎಲ್ಲಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಉಳಿದ ದಾರಿಗಳು ಎರಡೇ. ಒಂದು, ಮೂತ್ರಕೋಶವನ್ನೇ ತೆಗೆದು ಕರುಳಿನ ತುಂಡಿನಿಂದ ಮೂತ್ರಕ್ಕೆ ಬೇರೆ ದಾರಿ ಮಾಡಿಕೊಡುವುದು. ಇನ್ನೊಂದು, ಮೂತ್ರಕೋಶವನ್ನು ಉಳಿಸಿಕೊಂಡು ಅದರೊಳಗೆ ಬಿಸಿಜಿಯನ್ನು, ಅಂದರೆ ಕ್ಷಯರೋಗದ ಲಸಿಕೆಯಲ್ಲಿರುವ ಅದೇ ಜೀವಂತ ಬ್ಯಾಕ್ಟೀರಿಯಾವನ್ನು, ವಾರ ವಾರ ತುಂಬುವುದು.

ಎರಡನ್ನೂ ವಿವರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಕ್ಷಯದ ಲಸಿಕೆಗೂ ನನ್ನ ಮೂತ್ರಕೋಶಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ?" ಎಂದು. ಕೇಳಬೇಕಾದ ಪ್ರಶ್ನೆಯೇ. ನಾನು ಕೊಟ್ಟ ಉತ್ತರ ಮುಂದಿನ ಘಟನೆಗಳಿಗೆ ಕಾರಣವಾದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಕೊಡುತ್ತೇನೆ.

ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿಯಿಂದ ಆರಂಭಿಸಿದೆ. ಕುತ್ತಿಗೆಯಲ್ಲಿ ಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆಯಿಂದ ನರಳುತ್ತಿದ್ದ ರೋಗಿಯೊಬ್ಬನಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗುಲಿ, ಜ್ವರ ಬಂದು ಹೋದ ಮೇಲೆ ಗಡ್ಡೆಯೇ ಕರಗಿಹೋದದ್ದನ್ನು ಹಳೆಯ ಕಡತಗಳಲ್ಲಿ ಓದಿದ ಕೋಲಿ, 1891ರಲ್ಲಿ ಆ ಸೋಂಕಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು ಉದ್ದೇಶಪೂರ್ವಕವಾಗಿಯೇ ಗಡ್ಡೆಗಳಿಗೆ ಚುಚ್ಚತೊಡಗಿದರು. ಜೀವಂತ ಬ್ಯಾಕ್ಟೀರಿಯಾ ಕೆಲವರನ್ನು ಕೊಂದದ್ದರಿಂದ ಮುಂದೆ ಬಿಸಿ ಮಾಡಿ ಸಾಯಿಸಿದ ಎರಡು ಬಗೆಯ ಬ್ಯಾಕ್ಟೀರಿಯಾಗಳ ಮಿಶ್ರಣಕ್ಕೆ ಬದಲಾಯಿಸಿದರು. ಕೆಲವು ರೋಗಿಗಳು ನಿಜವಾಗಿಯೂ ಗುಣವಾದರು, ಹಲವರು ಆಗಲಿಲ್ಲ, ಯಾರು ಆಗುತ್ತಾರೆಂದು ಮೊದಲೇ ಹೇಳಲು ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ವಿಕಿರಣ ಚಿಕಿತ್ಸೆ ಬಂದು ಅದು ಮೂಲೆಗೆ ಸೇರಿತು. ಆಮೇಲೆ ಬಿಸಿಜಿಯ ಕಥೆ. ಆಲ್ಬರ್ಟ್ ಕಾಲ್ಮೆಟ್ ಮತ್ತು ಕಮೀಲ್ ಗೆರಾನ್ ಎಂಬ ಫ್ರೆಂಚ್ ವಿಜ್ಞಾನಿಗಳು ದನಗಳ ಕ್ಷಯದ ಬ್ಯಾಕ್ಟೀರಿಯಾವನ್ನು 1908ರಿಂದ 13 ವರ್ಷ ಕಾಲ, ಪಿತ್ತರಸ ಬೆರೆಸಿದ ಆಲೂಗೆಡ್ಡೆಯ ಮೇಲೆ ಮತ್ತೆ ಮತ್ತೆ ಬೆಳೆಸಿ ಅದರ ಹಲ್ಲು ಕಿತ್ತದ್ದು; 1921ರಲ್ಲಿ ಅದನ್ನು ಲಸಿಕೆಯಾಗಿ ಮೊದಲ ಬಾರಿ ಮನುಷ್ಯರಿಗೆ ಕೊಟ್ಟದ್ದು; 1959ರಲ್ಲಿ ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು ಬಿಸಿಜಿ ಕೊಟ್ಟ ಇಲಿಗಳಲ್ಲಿ ಗಡ್ಡೆ ಬೆಳೆಯುವುದು ಕಷ್ಟವೆಂದು ತೋರಿಸಿದ್ದು; ಕೊನೆಗೆ 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ಕೇವಲ 9 ರೋಗಿಗಳ ಮೂತ್ರಕೋಶಕ್ಕೆ ಅದನ್ನು ತುಂಬಿಸಿ, ಗಡ್ಡೆ ಮರುಕಳಿಸುವುದು ಎದ್ದು ಕಾಣುವಷ್ಟು ಕಡಿಮೆಯಾಯಿತೆಂದು ವರದಿ ಮಾಡಿದ್ದು. ಇಂದಿಗೂ ನಾವು ಮೊದಲ ಸುತ್ತಿನಲ್ಲಿ ವಾರಕ್ಕೊಂದರಂತೆ ಆರೇ ಡೋಸು ಕೊಡುತ್ತೇವೆ. ಆಗ ಬಿಸಿಜಿ ಬರುತ್ತಿದ್ದ ಪೊಟ್ಟಣದಲ್ಲಿ ಆರು ಸೀಸೆಗಳಿದ್ದವು ಎಂಬುದಕ್ಕಿಂತ ಗಹನವಾದ ಕಾರಣ ಆ ಸಂಖ್ಯೆಗೆ ಇರಲಿಲ್ಲವೆಂದು ನಮ್ಮ ವೃತ್ತಿಯಲ್ಲಿ ಹೇಳಿಕೊಳ್ಳುವುದುಂಟು.

ಕೆಲಸ ಮಾಡುವ ಬಗೆಯನ್ನೂ ಹೇಳಿದೆ. ಮೂತ್ರಕೋಶಕ್ಕೆ ಇಳಿದ ಬ್ಯಾಕ್ಟೀರಿಯಾ ಅಲ್ಲಿನ ಗೋಡೆಯ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಜೀವಕೋಶಗಳ ಒಳಗೆ ಸೇರುತ್ತದೆ. ಹೊಕ್ಕಿಸಿಕೊಂಡ ಕೋಶಗಳು ಸೈಟೊಕೈನ್ ಎಂಬ ರಾಸಾಯನಿಕಗಳ ಮೂಲಕ ಕೂಗೆಬ್ಬಿಸುತ್ತವೆ. ಆ ಕೂಗಿಗೆ ಮೈ ಕಾಯುವ ಬಿಳಿರಕ್ತಕಣಗಳು, ಅಂದರೆ ಮೊದಲು ನ್ಯೂಟ್ರೋಫಿಲ್‌ಗಳು, ಹಿಂದೆಯೇ ಮ್ಯಾಕ್ರೊಫೇಜ್‌ಗಳು, ವಾರಗಳು ಕಳೆದಂತೆ ಟಿ ಕೋಶಗಳು ಮತ್ತು ಸಹಜ ಮಾರಕ ಕೋಶಗಳು ಬಂದು ನೆರೆಯುತ್ತವೆ, ಬ್ಯಾಕ್ಟೀರಿಯಾದ ಜೊತೆಗೆ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ. ಬ್ಯಾಕ್ಟೀರಿಯಾ ನೇರವಾಗಿ ಕ್ಯಾನ್ಸರನ್ನು ತಿನ್ನುವುದಿಲ್ಲ, ಮಲಗಿದ್ದ ಕಾವಲುಗಾರರನ್ನು ಎಬ್ಬಿಸುತ್ತದೆ ಅಷ್ಟೆ. ಇಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರ ಮುಖದಲ್ಲಿ ಅಳುಕು ಕಂಡು, ಧೈರ್ಯ ಹೇಳುವ ಭರದಲ್ಲಿ, ಕೊನೆಗೊಂದು ವಾಕ್ಯ ಸೇರಿಸಿದೆ: "ಸ್ವಲ್ಪ ಉರಿ, ಸ್ವಲ್ಪ ಜ್ವರ ಬಂದರೆ ಹೆದರಬೇಡಿ, ಔಷಧ ಕೆಲಸ ಮಾಡುತ್ತಿದೆ ಎಂದೇ ತಿಳಿಯಿರಿ."

ಅವರು ಬಿಸಿಜಿಯನ್ನೇ ಆರಿಸಿಕೊಂಡರು. ಹೋಗುವಾಗ ಆ ವಾಕ್ಯವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನಾನು ಅದನ್ನು ನೋಡಿದೆ, ಮೆಚ್ಚುಗೆಯೂ ಆಯಿತು.

ಮೊದಲ ಆರು ವಾರ

ಕೊನೆಯ ಕೆರೆತದ ಗಾಯ ಮಾಯಲೆಂದು ಮೂರು ವಾರ ಬಿಟ್ಟು ಚಿಕಿತ್ಸೆ ಶುರುವಾಯಿತು. ಹಸಿ ಗಾಯದ ಮೇಲೆ ಬಿಸಿಜಿ ಹಾಕಿದರೆ ಬ್ಯಾಕ್ಟೀರಿಯಾ ನೇರವಾಗಿ ರಕ್ತಕ್ಕೆ ಸೇರಬಹುದಾದ್ದರಿಂದ ಕನಿಷ್ಠ ಎರಡು ವಾರದ ಅಂತರ ಬೇಕೇ ಬೇಕು.

ನೋಡುವವರಿಗೆ ಈ ಚಿಕಿತ್ಸೆ ತೀರ ಸಾಧಾರಣವೆನಿಸುತ್ತದೆ. ಬೆರಳುದ್ದದ ಸೀಸೆಯ ತಳದಲ್ಲಿ ಸೀಮೆಸುಣ್ಣದ ಬಿಲ್ಲೆಯಂಥ ಬಿಳಿ ಪುಡಿ. ಅದನ್ನು 50 ಮಿಲಿಲೀಟರ್ ಸಲೈನಿನಲ್ಲಿ ಕದಡಿದರೆ ತುಸು ಮಬ್ಬಾದ ನೀರು. ಆ ಮಬ್ಬಿನಲ್ಲಿ ಕೋಟಿಗಟ್ಟಲೆ ಜೀವಂತ ಬ್ಯಾಕ್ಟೀರಿಯಾ. ಮೂತ್ರನಾಳದ ಮೂಲಕ ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕಿ, ಮೂತ್ರಕೋಶ ಖಾಲಿ ಮಾಡಿ, ಪಿಚಕಾರಿಯಿಂದ ಒತ್ತದೆ ದ್ರವವನ್ನು ತನ್ನ ಭಾರಕ್ಕೆ ತಾನೇ ಇಳಿಯಲು ಬಿಡುತ್ತಾರೆ. ರೋಗಿ ಎರಡು ಗಂಟೆ ಮೂತ್ರ ಹಿಡಿದುಕೊಂಡಿರಬೇಕು. ಆಮೇಲೆ ಆರು ಗಂಟೆಯವರೆಗೆ ಪ್ರತಿ ಸಲ ಮೂತ್ರ ಮಾಡಿದಾಗಲೂ ಕುಳಿತೇ ಮಾಡಿ, ಶೌಚದ ಕುಂಡಕ್ಕೆ ಬ್ಲೀಚ್ ಸುರಿದು, ಹದಿನೈದು ನಿಮಿಷ ಬಿಟ್ಟು ನೀರು ಬಿಡಬೇಕು. ಈ ಬ್ಲೀಚಿನ ವಿಷಯ ಹೇಳುವಾಗ ರೋಗಿಗಳು ಸಾಮಾನ್ಯವಾಗಿ ನಗುತ್ತಾರೆ. ಒಳಗೆ ಹೋದದ್ದು ಔಷಧದ ರೂಪದಲ್ಲಿರುವ ಒಂದು ಜೀವಿ ಎಂಬುದನ್ನು ಇಡೀ ಚಿಕಿತ್ಸೆಯಲ್ಲಿ ನೆನಪಿಗೆ ತರುವ ಸೂಚನೆ ಬಹುಶಃ ಅದೊಂದೇ.

ನಮ್ಮ ರೋಗಿಯ ಪುಸ್ತಕ ಅಚ್ಚುಕಟ್ಟಾದ ಖಾತೆಪುಸ್ತಕದಂತಿತ್ತು: ದಿನಾಂಕ, ಹೊತ್ತು, ಎಷ್ಟು ಸಲ ಮೂತ್ರ, ಉರಿಗೆ ಹತ್ತರಲ್ಲಿ ಎಷ್ಟು ಅಂಕ, ಉಷ್ಣತೆ. ಮೊದಲೆರಡು ವಾರ ಉರಿಯ ಕಲಮಿನಲ್ಲಿ ಎರಡು, ಮೂರು ಇದ್ದದ್ದು ಮೂರನೆಯ ಡೋಸಿನ ನಂತರ ಏಳಕ್ಕೆ ಏರಿತು. ನಮಗೆ ಹೇಳುವ ಮೊದಲು ಮನೆಯವರು ಅವರನ್ನು ಬೇರೆ ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಮೂತ್ರಪರೀಕ್ಷೆಯಲ್ಲಿ ತುಂಬ ಕೀವುಕಣ ಕಂಡದ್ದರಿಂದ ಆ ವೈದ್ಯರು ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದರು. ಬಿಸಿಜಿ ಪಡೆದವರ ಮೂತ್ರದಲ್ಲಿ ಕೀವುಕಣ ಇರುವುದು ಸಹಜ, ನಾವು ಕರೆಸಿಕೊಂಡ ಕಾವಲುಗಾರರೇ ಅವರು. ಆದರೆ ಬಿಸಿಜಿಯ ವಿಷಯ ಗೊತ್ತಿಲ್ಲದ ವೈದ್ಯರಿಗೆ ಅದು ಸೋಂಕಾಗಿಯೇ ಕಾಣಬೇಕು, ಅವರ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ತೊಡಕೇನೆಂದರೆ ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳು ಕ್ಷಯದ ಕುಲದ ಬ್ಯಾಕ್ಟೀರಿಯಾಗಳ ಮೇಲೂ ಕೆಲಸ ಮಾಡುತ್ತವೆ. ಅದನ್ನು ನುಂಗುತ್ತಲೇ ಮುಂದಿನ ಡೋಸು ಪಡೆದರೆ ಒಂದು ಕೈಯಿಂದ ಹಾಕಿದ್ದನ್ನು ಇನ್ನೊಂದು ಕೈಯಿಂದ ಕೊಂದಂತೆ.

ನಾಲ್ಕನೆಯ ವಾರ ಸೀಸೆ ಒಡೆಯುವ ಮೊದಲು ನರ್ಸ್ ಕೇಳಿದ ಒಂದು ಪ್ರಶ್ನೆಯಿಂದ ಇದು ಹೊರಬಿತ್ತು. "ನಾವು ಕೊಟ್ಟದ್ದು ಬಿಟ್ಟು ಬೇರೇನಾದರೂ ಮಾತ್ರೆ?" ಎಂದು ಆಕೆ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು. ಮಾತ್ರೆ ನಿಲ್ಲಿಸಿ, ಮೂತ್ರವನ್ನು ಕಲ್ಚರಿಗೆ ಕಳುಹಿಸಿ, ಡೋಸನ್ನು ಒಂದು ವಾರ ಮುಂದೂಡಿದೆವು. ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಉಳಿದ ಮೂರು ಡೋಸುಗಳು ತೊಂದರೆಯಿಲ್ಲದೆ ಮುಗಿದವು.

ಮೂರನೆಯ ತಿಂಗಳ ನಿರ್ಧಾರ

ಚಿಕಿತ್ಸೆ ಶುರುವಾದ ಮೂರು ತಿಂಗಳಿಗೆ ಸಿಸ್ಟೋಸ್ಕೋಪಿ ಮಾಡಿದಾಗ ಒಳಗೆಲ್ಲ ಕೆಂಪು. ಆ ಕೆಂಪಿನಲ್ಲಿ ಬಿಸಿಜಿ ಕೆರಳಿಸಿದ ಉರಿಯೂತ ಯಾವುದು, ಉಳಿದ ಕ್ಯಾನ್ಸರ್ ಯಾವುದು ಎಂದು ಕಣ್ಣಿನಿಂದ ಬೇರ್ಪಡಿಸಲು ಆಗುವುದಿಲ್ಲ. ಮೂತ್ರದಲ್ಲಿ ಅನುಮಾನದ ಕೋಶಗಳಿದ್ದವು. ಬಯಾಪ್ಸಿಯಲ್ಲಿ ಎರಡೂ ಸಿಕ್ಕವು: ಬಿಳಿರಕ್ತಕಣಗಳು ಗುಂಪುಗೂಡಿ ಕಟ್ಟಿದ ಗ್ರ್ಯಾನ್ಯುಲೋಮಾ ಗಂಟುಗಳು, ಅವುಗಳ ಪಕ್ಕದಲ್ಲೇ ಒಂದು ಸಣ್ಣ ಜಾಗದಲ್ಲಿ ಚಪ್ಪಟೆ ಕ್ಯಾನ್ಸರ್.

ತಂಡದಲ್ಲಿ ಭಿನ್ನಾಭಿಪ್ರಾಯ ಬಂತು. ಹೈ ಗ್ರೇಡ್ ಕ್ಯಾನ್ಸರ್ ಉಳಿದಿರುವಾಗ ಕಾಯುವುದೆಂದರೆ ಅದು ಸ್ನಾಯುವಿಗೆ ಇಳಿಯಲು ಸಮಯ ಕೊಟ್ಟಂತೆ, ಈಗಲೇ ಮೂತ್ರಕೋಶ ತೆಗೆಯೋಣ ಎಂಬುದು ಒಬ್ಬ ಹಿರಿಯರ ವಾದ. ಅದು ಹಗುರವಾದ ವಾದವಲ್ಲ. ಮೂರನೆಯ ತಿಂಗಳಿಗೆ ಮತ್ತೆ ಟಿ1 ಗಡ್ಡೆ ಕಂಡಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಚಪ್ಪಟೆ ಕ್ಯಾನ್ಸರಿನ ನಡತೆ ಬೇರೆ; ಆರು ಡೋಸಿನಿಂದ ಎಬ್ಬಿಸಿದ ಪ್ರತಿಕ್ರಿಯೆ ತನ್ನ ಕೆಲಸ ಮುಗಿಸಲು ಆರು ತಿಂಗಳವರೆಗೂ ತೆಗೆದುಕೊಳ್ಳಬಹುದು, ಮೂರು ತಿಂಗಳಿಗೆ ಉಳಿದಿದ್ದ ಕ್ಯಾನ್ಸರ್ ಇನ್ನೂ ಮೂರು ಡೋಸು ಕೊಟ್ಟ ಮೇಲೆ ಆರನೆಯ ತಿಂಗಳಿಗೆ ಮಾಯವಾಗುವುದು ಅಪರೂಪವೇನಲ್ಲ. ಮೇಲಾಗಿ ಇವರ ಮೂರನೆಯ ಡೋಸು ಮಾತ್ರೆಯಿಂದ ಎಷ್ಟು ಕೆಟ್ಟಿತ್ತೋ ಯಾರಿಗೂ ಗೊತ್ತಿರಲಿಲ್ಲ. ಮೂರು ಡೋಸು ಕೊಟ್ಟು ಆರನೆಯ ತಿಂಗಳಿಗೆ ಮತ್ತೆ ಬಯಾಪ್ಸಿ, ಆಗಲೂ ಕ್ಯಾನ್ಸರ್ ಇದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆ ಎಂದು ದಿನಾಂಕ ಹಾಕಿ ಬರೆದಿಟ್ಟೆವು. ರೋಗಿ ಅದರ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಯಾರೂ ಕೇಳಿರಲಿಲ್ಲ, ಲೆಕ್ಕದವರ ಅಭ್ಯಾಸ.

ಆರನೆಯ ತಿಂಗಳಿಗೆ ಮೂತ್ರಕೋಶದ ಒಳಗೋಡೆ ಮಸುಕು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಯಾಪ್ಸಿಯಲ್ಲಿ, ಮೂತ್ರದ ಕೋಶಗಳಲ್ಲಿ ಎಲ್ಲಿಯೂ ಕ್ಯಾನ್ಸರ್ ಇರಲಿಲ್ಲ.

ಒಂದು ಹನಿ ರಕ್ತ

ಕ್ಯಾನ್ಸರ್ ಹೋದ ಮೇಲೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎಬ್ಬಿಸಿದ ಪ್ರತಿಕ್ರಿಯೆ ಕಾಲಕ್ರಮದಲ್ಲಿ ತಣ್ಣಗಾಗುವುದರಿಂದ ಅದನ್ನು ಆಗಾಗ ಕೆದಕಬೇಕಾಗುತ್ತದೆ. ಡೊನಾಲ್ಡ್ ಲ್ಯಾಮ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ವೇಳಾಪಟ್ಟಿಯಂತೆ 3, 6, 12, 18, 24, 30 ಮತ್ತು 36ನೆಯ ತಿಂಗಳುಗಳಲ್ಲಿ ಮೂರು ಮೂರು ಡೋಸು. ಮೊದಲ ಆರನ್ನು ಸೇರಿಸಿದರೆ ಒಟ್ಟು 27. ಆ ಅಧ್ಯಯನದಲ್ಲೇ ಎಲ್ಲ ಸುತ್ತುಗಳನ್ನೂ ಮುಗಿಸಿದವರು ಶೇಕಡಾ 16 ಮಾತ್ರ ಎಂಬುದನ್ನು ವೇಳಾಪಟ್ಟಿ ಬರೆಯುವಾಗ ನಾವು ಮರೆಯುತ್ತೇವೆ. ಕಾಗದದ ಮೇಲಿರುವ 27 ಡೋಸು ಹೆಚ್ಚಿನವರ ಮೂತ್ರಕೋಶದ ಸಹನೆಯನ್ನು ಮೀರಿದ್ದು.

ಆರನೆಯ ತಿಂಗಳ ಮೂರು ಡೋಸುಗಳು ಸರಾಗವಾಗಿ ಮುಗಿದವು. ಹನ್ನೆರಡನೆಯ ತಿಂಗಳ ಸುತ್ತು ಕಾರಣಾಂತರದಿಂದ ಎರಡು ತಿಂಗಳು ತಡವಾಯಿತು. ಅದರ ಎರಡನೆಯ ಡೋಸಿನ ದಿನ, ಅಂದರೆ ಒಟ್ಟು ಲೆಕ್ಕದಲ್ಲಿ ಹದಿನಾಲ್ಕನೆಯದು, ಕ್ಯಾತಿಟರ್ ಸಲೀಸಾಗಿ ಒಳಗೆ ಹೋಗಲಿಲ್ಲ. ಪದೇ ಪದೇ ಕೊಳವೆ ಹಾಯ್ದ ಮೂತ್ರನಾಳ ಒಂದೆಡೆ ಕಿರಿದಾಗಿತ್ತು. ಎರಡನೆಯ ಪ್ರಯತ್ನಕ್ಕೆ, ಇನ್ನೂ ತೆಳುವಾದ ಕೊಳವೆ ಒಳಗೆ ಹೋಯಿತು. ಮೊದಲ ಕೊಳವೆಯ ತುದಿಯಲ್ಲಿ ರಕ್ತ ಅಂಟಿತ್ತು. ಒಂದು ಹನಿ, ಹೆಚ್ಚೆಂದರೆ ಎರಡು.

ರಕ್ತ ಬಂದರೆ ಆ ದಿನ ಬಿಸಿಜಿ ಕೊಡಬಾರದು ಎಂಬ ನಿಯಮ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಸೀಸೆ ಆಗಲೇ ಕದಡಿಯಾಗಿತ್ತು, ಕದಡಿದ ಮೇಲೆ ಎರಡು ಗಂಟೆಯಲ್ಲಿ ಬಳಸದಿದ್ದರೆ ಚೆಲ್ಲಬೇಕು. ಬಿಸಿಜಿ ಸುಲಭಕ್ಕೆ ಸಿಗದ ದಿನಗಳವು. ಎರಡನೆಯ ಕೊಳವೆಯಿಂದ ಬಂದ ಮೂತ್ರ ತಿಳಿಯಾಗಿತ್ತು. ರೋಗಿಯೂ ಮತ್ತೊಂದು ದಿನ ಬರುವುದಕ್ಕಿಂತ ಇವತ್ತೇ ಮುಗಿಸಿಬಿಡಿ ಎಂದರು. ನನ್ನನ್ನು ಕೇಳಿದಾಗ "ಕೊಡಿ" ಎಂದೆ. ಸೀಸೆಯನ್ನು ಉಳಿಸಿದೆ ಎಂದು ಆಗ ಅನಿಸಿತ್ತು.

ಐದು ದಿನ

ಆ ರಾತ್ರಿ ನಡುಕ ಬಂದು 38.4 ಡಿಗ್ರಿ ಸೆಲ್ಸಿಯಸ್ ಜ್ವರ ಏರಿತು. ಮರುದಿನ 38.8. ಮೂರನೆಯ ದಿನ 39.2. ಈ ಅಂಕಿಗಳು ನನಗೆ ಗೊತ್ತಿರುವುದು ಅವರ ಪುಸ್ತಕದಿಂದ. ಮನೆಯಿಂದ ನಮಗೆ ಕರೆ ಬಂದದ್ದು ಐದನೆಯ ದಿನ, ಅದೂ ಮಗಳಿಂದ. ತಂದೆ ಮಾತು ಮಾತಿಗೂ ಏದುಸಿರು ಬಿಡುತ್ತಿದ್ದಾರೆ, ಆದರೂ ಆಸ್ಪತ್ರೆ ಬೇಡ ಎನ್ನುತ್ತಿದ್ದಾರೆ ಎಂದು ಆಕೆ ಹೇಳಿದರು. ಮೂರನೆಯ ದಿನದ ಸಾಲಿನಲ್ಲಿ ಉಷ್ಣತೆಯ ಪಕ್ಕಕ್ಕೆ ಅವರು ಬರೆದಿದ್ದರು: "ಈ ಸಲ ಔಷಧ ಹಿಂದೆಂದಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದೆ."

ಅದು ನನ್ನದೇ ವಾಕ್ಯದ ಮುಂದುವರಿಕೆ. ಕೋಲಿಯ ಕಥೆಯನ್ನೂ ಅವರು ಮರೆತಿರಲಿಲ್ಲ. ಜ್ವರ ಏರುವವರೆಗೂ ಡೋಸು ಏರಿಸುತ್ತಿದ್ದ ಕೋಲಿಯ ತರ್ಕವನ್ನು, ಯಾರೂ ಹೇಳಿಕೊಡದೆ, ತಮ್ಮ ಮೈಯ ಮೇಲೆ ತಾವೇ ಹೂಡಿಕೊಂಡಿದ್ದರು.

ದಾಖಲಾದಾಗ ರಕ್ತದೊತ್ತಡ ತಗ್ಗಿತ್ತು, ರಕ್ತದ ಆಮ್ಲಜನಕ ಶೇಕಡಾ 90ರ ಆಸುಪಾಸಿನಲ್ಲಿತ್ತು, ಯಕೃತ್ತಿನ ಕಿಣ್ವಗಳು ಮೂರು ಪಟ್ಟು ಏರಿದ್ದವು. ಎದೆಯ ಸಿಟಿಯಲ್ಲಿ ಎರಡೂ ಶ್ವಾಸಕೋಶಗಳ ತುಂಬ ರಾಗಿ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆ. ಸಾಮಾನ್ಯ ಬ್ಯಾಕ್ಟೀರಿಯಾದ ಸೋಂಕನ್ನು ತಳ್ಳಿಹಾಕಲು ಆಗದ್ದರಿಂದ ಅದಕ್ಕೂ ಔಷಧ ಶುರುಮಾಡಿ, ರಕ್ತ ಮತ್ತು ಮೂತ್ರವನ್ನು ಎರಡು ಬಗೆಯ ಕಲ್ಚರಿಗೆ ಕಳುಹಿಸಿದೆವು. ಬಿಸಿಜಿ ಬೆಳೆಯಲು ವಾರಗಳು ಬೇಕು, ಪಿಸಿಆರ್ ಪರೀಕ್ಷೆಯಲ್ಲಿ ಸಿಗದಿದ್ದರೂ ಇಲ್ಲವೆಂದು ಹೇಳಲಾಗದು. ವರದಿಗೆ ಕಾಯಬೇಕೇ ಎಂಬುದು ಆ ರಾತ್ರಿಯ ಪ್ರಶ್ನೆಯಾಗಿತ್ತು. ಕಾಯಲಿಲ್ಲ. ರಕ್ತ ಕಂಡ ಕ್ಯಾತಿಟರ್, ಅದರ ಬೆನ್ನಿಗೇ ಬಿಸಿಜಿ, ಬೆನ್ನಿಗೇ ನಡುಕ: ಈ ಮೂರು ಸಾಲಾಗಿ ನಿಂತ ಮೇಲೆ ಪ್ರಯೋಗಾಲಯದ ಮುದ್ರೆಗೆ ಕಾಯುವುದು ಸರಿಯಲ್ಲ ಎಂಬ ತೀರ್ಮಾನಕ್ಕೆ ಬಂದೆವು.

ರಾತ್ರಿಪಾಳಿಯ ವೈದ್ಯರು ರೂಢಿಯಂತೆ ಕ್ಷಯದ ನಾಲ್ಕೂ ಔಷಧಗಳನ್ನು ಬರೆದಿದ್ದರು. ಅದರಲ್ಲಿ ಪೈರಜಿನಮೈಡನ್ನು ಹೊಡೆದುಹಾಕಬೇಕಾಯಿತು. ಬಿಸಿಜಿಯ ಮೂಲವಾದ ದನದ ಕ್ಷಯದ ಬ್ಯಾಕ್ಟೀರಿಯಾ ಹುಟ್ಟಿನಿಂದಲೇ ಆ ಔಷಧಕ್ಕೆ ಬಗ್ಗುವುದಿಲ್ಲ. ಮೊದಲೇ ಕೆರಳಿದ ಯಕೃತ್ತಿಗೆ ಅದು ಬರಿಯ ಹೊರೆ. ಉಳಿದದ್ದು ಐಸೋನಯಾಜಿಡ್, ರಿಫಾಂಪಿಸಿನ್, ಎಥಾಂಬುಟಾಲ್. ಮೊದಲೆರಡೂ ಯಕೃತ್ತಿಗೆ ತೊಂದರೆ ಕೊಡಬಲ್ಲವು, ಆದರೆ ಯಕೃತ್ತು ಕೆಟ್ಟದ್ದೇ ಬಿಸಿಜಿಯಿಂದ ಎಂದು ನಂಬಿದ ಮೇಲೆ ಅವನ್ನು ತಡೆಹಿಡಿಯುವುದರಲ್ಲಿ ಅರ್ಥವಿರಲಿಲ್ಲ. ಎರಡು ದಿನಕ್ಕೊಮ್ಮೆ ಕಿಣ್ವ ಅಳೆಯುತ್ತ ಕೊಡುವುದೆಂದು ಒಪ್ಪಿಕೊಂಡೆವು.

ಎರಡನೆಯ ದಿನ ಸ್ಥಿತಿ ಇನ್ನೂ ಹದಗೆಟ್ಟಾಗ ಸ್ಟೀರಾಯ್ಡ್ ಸೇರಿಸಿದೆವು. ಸೋಂಕು ಹರಡಿರುವ ಮೈಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುವುದೆಂದರೆ ಕೈ ಹಿಂಜರಿಯುತ್ತದೆ. ಆದರೆ ಈ ಸ್ಥಿತಿಯಲ್ಲಿ ರೋಗಿಯನ್ನು ಕೆಡಿಸುತ್ತಿರುವುದು ಬ್ಯಾಕ್ಟೀರಿಯಾ ಎಷ್ಟು, ಅದರ ವಿರುದ್ಧ ಮೈ ಎಬ್ಬಿಸಿದ ರಂಪ ಎಷ್ಟು ಎಂಬುದು ಇಂದಿಗೂ ಚರ್ಚೆಯಲ್ಲಿರುವ ವಿಷಯ. ಆಮೇಲೆ ಮಾಡಿದ ಯಕೃತ್ತಿನ ಬಯಾಪ್ಸಿಯಲ್ಲಿ ಗ್ರ್ಯಾನ್ಯುಲೋಮಾಗಳಿದ್ದವು, ಬ್ಯಾಕ್ಟೀರಿಯಾ ಒಂದೂ ಕಾಣಲಿಲ್ಲ; ಕಲ್ಚರುಗಳಲ್ಲೂ ಕೊನೆಯವರೆಗೆ ಏನೂ ಬೆಳೆಯಲಿಲ್ಲ. ಆ ಗಂಟುಗಳು, ಹನ್ನೊಂದು ತಿಂಗಳ ಹಿಂದೆ ಮೂತ್ರಕೋಶದ ಬಯಾಪ್ಸಿಯಲ್ಲಿ ಕಂಡು ನಮಗೆ ಭರವಸೆ ಕೊಟ್ಟ ಗಂಟುಗಳಂತೆಯೇ ಇದ್ದವು. ಮೂತ್ರಕೋಶದಲ್ಲಿದ್ದಾಗ ನಾವು ಅದನ್ನು ಚಿಕಿತ್ಸೆ ಎಂದೆವು, ಯಕೃತ್ತಿನಲ್ಲಿ ಕಂಡಾಗ ಕಾಯಿಲೆ ಎಂದೆವು.

ಸ್ಟೀರಾಯ್ಡ್ ಶುರುವಾದ ನಾಲ್ಕನೆಯ ದಿನ ಜ್ವರ ಇಳಿಯಿತು. ಎರಡು ವಾರಕ್ಕೆ ಮನೆಗೆ ಹೋದರು. ಸ್ಟೀರಾಯ್ಡನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿ, ಕ್ಷಯದ ಔಷಧಗಳನ್ನು ಆರು ತಿಂಗಳು ಪೂರೈಸಿದೆವು. ಬಿಸಿಜಿಯನ್ನು ಮತ್ತೆಂದೂ ಕೊಡಬಾರದೆಂದು ಕಡತದ ಹೊದಿಕೆಯ ಮೇಲೆಯೇ ಬರೆದೆವು.

ಆಮೇಲೆ

27ರ ಬದಲು 14 ಡೋಸಿಗೇ ನಿಂತ ರೋಗಿಗೆ ಮುಂದೇನು? ಬದಲಿಗೆ ಮೂತ್ರಕೋಶಕ್ಕೆ ಕೀಮೋ ಔಷಧ ತುಂಬಿಸುವ ಮಾತು ಬಂತು. ಕ್ಯಾನ್ಸರ್ ಪೂರ್ತಿ ಹೋಗಿರುವಾಗ, ಕಿರಿದಾದ ಮೂತ್ರನಾಳದಲ್ಲಿ ಮತ್ತೆ ವಾರ ವಾರ ಕೊಳವೆ ಹಾಯಿಸುವ ಬದಲು ಕಟ್ಟುನಿಟ್ಟಾಗಿ ಕಾಯೋಣವೆಂದು ರೋಗಿಯೂ ನಾವೂ ನಿರ್ಧರಿಸಿದೆವು. ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ. ನಾಲ್ಕನೆಯ ವರ್ಷದ ಕೊನೆಯವರೆಗೆ ಕ್ಯಾನ್ಸರ್ ಮರಳಿಲ್ಲ, ಮೂತ್ರಕೋಶ ಅವರದ್ದೇ ಆಗಿ ಉಳಿದಿದೆ.

ಅಷ್ಟು ದೊಡ್ಡ ಜ್ವರ ಬಂದದ್ದರಿಂದಲೇ ಕ್ಯಾನ್ಸರ್ ಬೇರುಸಹಿತ ಹೋಯಿತೇ ಎಂದು ಅವರು ಒಮ್ಮೆ ಕೇಳಿದರು. ಕ್ಯಾನ್ಸರ್ ಹೋದದ್ದು ಆರನೆಯ ತಿಂಗಳಿಗೆ, ದೊಡ್ಡ ಜ್ವರ ಬಂದದ್ದು ಹದಿನಾಲ್ಕಕ್ಕೆ. ಅವರದೇ ಪುಸ್ತಕದಲ್ಲಿ ಎರಡೂ ದಿನಾಂಕಗಳಿದ್ದವು. ಪುಟ ತಿರುವಿ ತೋರಿಸಿದೆ.

ಈ ಪ್ರಕರಣದ ನಂತರ ನಮ್ಮಲ್ಲಿ ಮೂರು ಬದಲಾವಣೆಗಳಾದವು. ಕ್ಯಾತಿಟರ್ ಹಾಕಿ ಮೂತ್ರ ತಿಳಿಯಾಗಿ ಬರುವುದನ್ನು ನೋಡಿದ ಮೇಲೆಯೇ ಸೀಸೆಯನ್ನು ಕದಡುತ್ತೇವೆ. ರಕ್ತ ಕಂಡರೆ ಕನಿಷ್ಠ ಒಂದು ವಾರ ಮುಂದೂಡುವ ಅಧಿಕಾರ ನರ್ಸ್‌ಗೇ ಇದೆ, ವೈದ್ಯರನ್ನು ಕೇಳಬೇಕಾಗಿಲ್ಲ. ಇದನ್ನು ನಾನೇ ಒತ್ತಾಯಿಸಿ ಮಾಡಿಸಿದ್ದು, ಏಕೆಂದರೆ ಅಂದು ನಿಯಮವನ್ನು ಮುರಿದದ್ದು ನಿಯಮ ತಿಳಿಯದವರಲ್ಲ. ಬಿಸಿಜಿಯಿಂದ ಇಂಥ ಗಂಭೀರ ಸ್ಥಿತಿ ಬರುವುದು ವಿರಳ. 1992ರಲ್ಲಿ ಪ್ರಕಟವಾದ, 2,602 ರೋಗಿಗಳನ್ನು ಒಳಗೊಂಡ ಅವಲೋಕನದಲ್ಲಿ ಮೈಯೆಲ್ಲ ಹರಡುವ ಸೆಪ್ಸಿಸ್ ಕಂಡದ್ದು ಶೇಕಡಾ 0.4ರಷ್ಟು ಜನರಲ್ಲಿ. ವಿರಳವೆಂಬ ಆ ತಿಳಿವಳಿಕೆಯೇ ಅಂದು "ಕೊಡಿ" ಎನ್ನಲು ನನಗೆ ಧೈರ್ಯ ಕೊಟ್ಟಿತ್ತು.

ಮೂರನೆಯ ಬದಲಾವಣೆ ಮಾತಿನದು. ಮೊದಲ ದಿನದ ವಾಕ್ಯವನ್ನು ಈಗ ಹೀಗೆ ಹೇಳುತ್ತೇನೆ: "ಡೋಸಿನ ದಿನ ಸಣ್ಣ ಜ್ವರ ಬರಬಹುದು, ಎರಡು ದಿನದೊಳಗೆ ಹೋಗಬೇಕು. 38.5 ದಾಟಿದರೆ, ನಡುಕ ಬಂದರೆ, ಅಥವಾ 48 ಗಂಟೆ ಕಳೆದರೂ ಬಿಡದಿದ್ದರೆ ಹೊತ್ತು ಗೊತ್ತು ನೋಡದೆ ಕರೆ ಮಾಡಿ. ಜ್ವರ ಬಂದಿತೆಂದು ಚಿಕಿತ್ಸೆ ಫಲಿಸಿದೆ ಎಂದಲ್ಲ, ಬರಲಿಲ್ಲವೆಂದು ಫಲಿಸಿಲ್ಲ ಎಂದೂ ಅಲ್ಲ." ಇದು ಮೊದಲಿನದರಷ್ಟು ಚಂದವಾಗಿಲ್ಲ, ಧೈರ್ಯವನ್ನೂ ಅಷ್ಟು ಕೊಡುವುದಿಲ್ಲ. ಬಿಸಿಜಿ ಬೇಡವೆಂದು ಇದನ್ನು ಕೇಳಿ ಎದ್ದು ಹೋದವರು ಈವರೆಗೆ ಯಾರೂ ಇಲ್ಲ.

ಮೈಯಲ್ಲಿ ಅಡಗಿ ಕುಳಿತ ಬಿಸಿಜಿ ವರ್ಷಗಳ ನಂತರ ಬೆನ್ನುಮೂಳೆಯಲ್ಲೋ ರಕ್ತನಾಳದ ಗೋಡೆಯಲ್ಲೋ ತಲೆಯೆತ್ತಿದ ಉದಾಹರಣೆಗಳಿವೆ. ಆದ್ದರಿಂದ ಮುಂದೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಈ ಚಿಕಿತ್ಸೆಯ ವಿಷಯವನ್ನು ಮೊದಲು ಹೇಳಬೇಕೆಂದು ಅವರಿಗೆ ತಿಳಿಸಿದ್ದೆವು. ಕಳೆದ ಸಲ ಸಿಸ್ಟೋಸ್ಕೋಪಿಗೆ ಬಂದಾಗ ಹಳೆಯ ಪುಸ್ತಕ ತುಂಬಿ, ಹೊಸದನ್ನು ತೆರೆದಿದ್ದರು. ಮೊದಲ ಪುಟದಲ್ಲಿ, ಲೆಕ್ಕದ ಪುಸ್ತಕದಲ್ಲಿ ಹಿಂದಿನ ವರ್ಷದ ಬಾಕಿಯನ್ನು ಮುಂದಕ್ಕೆ ತರುವ ಜಾಗದಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು: "ಜೀವಂತ ಬಿಸಿಜಿ, 14 ಡೋಸು."